ಮೂಳೆ ಕೂಡಿದೆ, ನೋವು ಯಾಕೆ ಹೋಗಿಲ್ಲ? ಪೆಟ್ಟಾದ ಮೇಲೆ ಉಳಿದುಬಿಡೋ ನೋವಿನ ಬಗ್ಗೆ

ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ 2023ರ ಮಾರ್ಚಲ್ಲಿ ಉದ್ಘಾಟನೆ ಆಯ್ತು, ಆಮೇಲೆ ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಕಡೆ ಆಕ್ಸಿಡೆಂಟ್ ಸುದ್ದಿ ಎಷ್ಟು ಬಂತು ಅಂದ್ರೆ ಅದೇ ವರ್ಷ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್‌ಗಳನ್ನ ಮೇನ್ ರೋಡಿಂದ ಸರ್ವಿಸ್ ರೋಡಿಗೆ ಇಳಿಸಿದ್ರು. ಪೇಪರ್‌ನಲ್ಲಿ ಬರೋದು ಎಷ್ಟು ಜನ ಹೋದ್ರು ಅನ್ನೋದು. ಬದುಕಿ ಮನೆಗೆ ಬಂದೋರು, ಕಾಲಿಗೆ ರಾಡ್ ಹಾಕಿಸ್ಕೊಂಡೋರು, ಸೊಂಟಕ್ಕೆ ಪೆಟ್ಟಾದೋರು ಆಮೇಲೆ ಹೆಂಗಿದಾರೆ ಅಂತ ಯಾರೂ ಬರೆಯಲ್ಲ. ಹೈವೇ ಒಂದೇ ಅಲ್ಲ, ತೆಂಗಿನ ಮರದಿಂದ ಬಿದ್ದೋರು, ಕಬ್ಬಿನ ಲೋಡ್ ಮೇಲಿಂದ ಜಾರಿದೋರು, ಬಾತ್‌ರೂಮಲ್ಲಿ ಕಾಲು ಜಾರಿ ಸೊಂಟ ಮುರ್ಕೊಂಡ ಅಜ್ಜಿಯಂದ್ರು, ನಮ್ಮ ಕಡೆ ಪ್ರತಿ ಬೀದಿಯಲ್ಲೂ ಒಬ್ರಾದ್ರೂ ಸಿಗ್ತಾರೆ.

ಇವರಲ್ಲಿ ತುಂಬಾ ಜನ ಕೇಳೋದು ಒಂದೇ ಪ್ರಶ್ನೆ. "ಡಾಕ್ಟ್ರು ಎಕ್ಸ್‌ರೇ ನೋಡಿ ಎಲ್ಲಾ ಕೂಡ್ಕಂಡದೆ ಅಂದ್ರು, ಮತ್ತೆ ನೋವ್ಯಾಕೆ ಹೋಗಿಲ್ಲ?" ಈ ಪ್ರಶ್ನೆಗೆ ಸರಿಯಾದ ಉತ್ತರ ಇದೆ, ಆದ್ರೆ ಓಪಿಡಿ ಕ್ಯೂನಲ್ಲಿ ಎರಡು ನಿಮಿಷದಲ್ಲಿ ಅದನ್ನ ಬಿಡಿಸಿ ಹೇಳೋಕೆ ಆಗಲ್ಲ. ಅದಕ್ಕೇ ಇಲ್ಲಿ ಬುಡದಿಂದ ಹೇಳೋಣ ಅಂತ.

ಯಾವಾಗಿಂದ ಇದು "ಹಳೇ ನೋವು"?

ಪೆಟ್ಟು ಬಿದ್ದಾಗ ಬರೋ ನೋವು ಒಂದು ಥರ. ಮೂಳೆ ಮುರೀತು, ನೋವು ಬಂತು, ಕಾಲು ಊರೋಕೆ ಬಿಡಲ್ಲ, ಅದ್ರಿಂದ ಮೂಳೆ ಕೂಡೋಕೆ ಟೈಮ್ ಸಿಗುತ್ತೆ. ಈ ನೋವು ನಮ್ಮ ಒಳ್ಳೇದಕ್ಕೇ ಇರೋದು. ವಾರಗಳು ಕಳೆದಂಗೆ ಕಮ್ಮಿ ಆಗ್ತಾ ಬರುತ್ತೆ.

ಮೂರು ತಿಂಗಳು ಮೀರಿ ಉಳಿದ ನೋವು ಅಥವಾ ಹೋಗಿ ಹೋಗಿ ವಾಪಸ್ ಬರೋ ನೋವನ್ನ ಡಾಕ್ಟರ್‌ಗಳು ಕ್ರಾನಿಕ್ ಪೇನ್ ಅಂತಾರೆ, ಅಂದ್ರೆ ದೀರ್ಘಕಾಲದ ನೋವು. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯ ಹನ್ನೊಂದನೇ ಆವೃತ್ತಿ 2022ರ ಜನವರಿಯಲ್ಲಿ ಜಾರಿಗೆ ಬಂತು, ಅದ್ರಲ್ಲಿ ಈ ನೋವಿಗೆ ಬೇರೆ ಜಾಗಾನೇ ಕೊಟ್ಟಿದಾರೆ. ಪೆಟ್ಟಾದ ಮೇಲೆ ಅಥವಾ ಆಪರೇಶನ್ ಆದ ಮೇಲೆ ಉಳಿಯೋ ನೋವು ಅಂತ ಒಂದು ವರ್ಗಾನೂ ಅಲ್ಲಿದೆ. ಇದು ಯಾಕೆ ಮುಖ್ಯ ಅಂದ್ರೆ, ನೋವು ಅಂದ್ರೆ ಬೇರೆ ಯಾವುದೋ ಕಾಯಿಲೆಯ ಲಕ್ಷಣ ಅಂತಷ್ಟೇ ನೋಡೋದು ಹೋಗಿ, ಅದೇ ಒಂದು ಸ್ಥಿತಿ, ಅದಕ್ಕೇ ಚಿಕಿತ್ಸೆ ಬೇಕು ಅನ್ನೋದು ಒಪ್ಪಿಗೆ ಆಯ್ತು.

ನೋವು ಹುಟ್ಟೋದು ಎಲ್ಲಿ?

ಕಾಲಿಗೆ ಮುಳ್ಳು ಚುಚ್ಚಿದ್ರೆ ನೋವು ಕಾಲಲ್ಲೇ ಇದೆ ಅನ್ಸುತ್ತೆ. ಆದ್ರೆ ಕಾಲಿಂದ ಹೊರಡೋದು ನೋವಲ್ಲ, ಬರೀ ಒಂದು ಸುದ್ದಿ, "ಇಲ್ಲೇನೋ ಆಗಿದೆ ನೋಡಿ" ಅಂತ. ಚರ್ಮ, ಮಾಂಸ, ಮೂಳೆಯ ಹೊದಿಕೆ ಎಲ್ಲಾ ಕಡೆ ಸಣ್ಣ ಸಣ್ಣ ನರದ ತುದಿಗಳಿವೆ, ಅವು ಈ ಸುದ್ದಿನ ಬೆನ್ನುಹುರಿಗೆ ಮುಟ್ಟಿಸ್ತವೆ, ಬೆನ್ನುಹುರಿ ಮೆದುಳಿಗೆ ಕಳಿಸುತ್ತೆ. ಮೆದುಳು ಆ ಸುದ್ದಿ ಜೊತೆ ಹಿಂದಿನ ನೆನಪು, ಈಗಿನ ಭಯ, ಸುತ್ತಮುತ್ತ ಏನಾಗ್ತಿದೆ ಎಲ್ಲಾ ಸೇರಿಸಿ ಲೆಕ್ಕ ಹಾಕಿ, "ಇದು ಅಪಾಯ" ಅಂತ ತೀರ್ಮಾನ ಮಾಡಿದ್ರೆ ಆಗ ನಮಗೆ ನೋವು ಆಗೋದು.

ದಾರಿ ಮಧ್ಯದಲ್ಲಿ ಬೆನ್ನುಹುರಿಲೂ ತಪಾಸಣೆ ಇದೆ. 1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಅನ್ನೋ ಇಬ್ಬರು ವಿಜ್ಞಾನಿಗಳು ಗೇಟ್ ಕಂಟ್ರೋಲ್ ಅನ್ನೋ ಸಿದ್ಧಾಂತ ಹೇಳಿದ್ರು. ಬೆನ್ನುಹುರಿ ಬಂದ ಸುದ್ದಿನೆಲ್ಲಾ ಹಂಗೇ ಮೇಲಕ್ಕೆ ಬಿಡಲ್ಲ, ಕೆಲವನ್ನ ತಡೆಯುತ್ತೆ, ಕೆಲವನ್ನ ಜೋರು ಮಾಡುತ್ತೆ ಅಂತ. ಮಂಚದ ಕಾಲಿಗೆ ಮೊಣಕಾಲು ತಾಗಿದ ತಕ್ಷಣ ನಾವು ಗಸಗಸ ಉಜ್ಕೊಳ್ತೀವಲ್ಲ, ಆ ಉಜ್ಜೋ ಸ್ಪರ್ಶದ ಸುದ್ದಿ ಬೇರೆ ನರಗಳಲ್ಲಿ ಬೇಗ ಬಂದು ನೋವಿನ ಸುದ್ದಿನ ಸ್ವಲ್ಪ ತಡೆಯುತ್ತೆ, ಅದಕ್ಕೇ ಹಾಯ್ ಅನ್ಸೋದು.

ಮೆದುಳಿನ ಪಾತ್ರ ಎಷ್ಟಿದೆ ಅನ್ನೋಕೆ ಎರಡನೇ ಮಹಾಯುದ್ಧದ ಒಂದು ದಾಖಲೆ ಇದೆ. ಹೆನ್ರಿ ಬೀಚರ್ ಅನ್ನೋ ಅಮೆರಿಕದ ಡಾಕ್ಟರ್ ಇಟಲಿಯಲ್ಲಿ ಗಾಯಾಳು ಸೈನಿಕರನ್ನ ನೋಡ್ಕೊಳ್ತಿದ್ರು, ದೊಡ್ಡ ದೊಡ್ಡ ಗಾಯ ಆಗಿದ್ರೂ ಅವರಲ್ಲಿ ಬಹಳ ಜನ ನೋವಿನ ಔಷಧಿ ಬೇಡ ಅಂದ್ರು ಅಂತ 1946ರಲ್ಲಿ ಬರೆದ್ರು. ಜೀವ ಉಳೀತು, ಇನ್ನು ಮನೆಗೆ ಹೋಗಬಹುದು ಅನ್ನೋದು ಅವರಿಗೆ ಆ ಗಾಯದ ಅರ್ಥ ಆಗಿತ್ತು. ಇದಕ್ಕೆ ಉಲ್ಟಾನೂ ಆಗುತ್ತೆ. ಕಾಲು ಕತ್ತರಿಸಿದ ಮೇಲೆ ಇಲ್ಲದೇ ಇರೋ ಪಾದದ ಬೆರಳಲ್ಲಿ ಉರಿ, ಸೆಳೆತ ಬರೋರು ತುಂಬಾ ಜನ ಇದಾರೆ, ಇದನ್ನ ಫ್ಯಾಂಟಮ್ ನೋವು ಅಂತಾರೆ. ವಿ.ಎಸ್. ರಾಮಚಂದ್ರನ್ ಅನ್ನೋ ಭಾರತೀಯ ಮೂಲದ ನರವಿಜ್ಞಾನಿ 1990ರ ದಶಕದಲ್ಲಿ, ಇರೋ ಕೈಯನ್ನ ಕನ್ನಡಿ ಮುಂದೆ ಇಟ್ಟು ಅದರ ಬಿಂಬಾನೇ ಇಲ್ಲದ ಕೈ ಅನ್ನೋ ಹಂಗೆ ಕಾಣಿಸಿ ಕೆಲವರ ನೋವು ಕಮ್ಮಿ ಮಾಡಿದ್ರು. ಪಾದಾನೇ ಇಲ್ಲದೆ ಪಾದ ನೋಯುತ್ತೆ ಅಂದ್ಮೇಲೆ, ಗಾಯ ಎಷ್ಟಿದೆಯೋ ನೋವೂ ಅಷ್ಟೇ ಇರಬೇಕು ಅನ್ನೋ ಲೆಕ್ಕ ಸರಿ ಬರಲ್ಲ.

ವಾಸಿ ಆದ ಮೇಲೂ ಯಾಕೆ?

ನಮ್ಮ ಕಡೆಯೋರಿಗೆ ಪಂಪ್‌ಸೆಟ್ ಗೊತ್ತೇ ಇರುತ್ತೆ. ಸ್ಟಾರ್ಟರ್ ಒಳಗೆ ಒಂದು ರಿಲೇ ಇರುತ್ತೆ, ಕರೆಂಟ್ ಜಾಸ್ತಿ ಎಳೆದ್ರೆ ಅದು ಟ್ರಿಪ್ ಆಗಿ ಮೋಟ್ರು ಸುಡೋದನ್ನ ತಪ್ಪಿಸುತ್ತೆ. ಒಂದು ಸಲ ಮೋಟ್ರು ಸುಟ್ಟು ಹೋಯ್ತು ಅನ್ಕೊಳಿ, ರೀವೈಂಡಿಂಗ್ ಮಾಡಿಸಿ ತಂದು ಕೂರಿಸಿದ್ರಿ, ಮತ್ತೆ ಸುಡಬಾರದು ಅಂತ ರಿಲೇನ ತುಂಬಾ ಕಮ್ಮಿಗೆ ಸೆಟ್ ಮಾಡಿದ್ರು. ಈಗ ಏನಾಗುತ್ತೆ, ವೋಲ್ಟೇಜ್ ಸ್ವಲ್ಪ ಆಚೆ ಈಚೆ ಆದ್ರೂ ಟ್ರಿಪ್. ಮೋಟ್ರು ಚೆನ್ನಾಗೇ ಇದೆ, ಆದ್ರೆ ನೀರು ಬರ್ತಿಲ್ಲ ಅನ್ನೋದೂ ನಿಜಾನೇ. ಮತ್ತೆ ಮತ್ತೆ ಮೋಟ್ರು ಬಿಚ್ಚಿ ನೋಡಿದ್ರೆ ಪ್ರಯೋಜನ ಇಲ್ಲ, ರಿಲೇ ಕಿತ್ತು ಡೈರೆಕ್ಟ್ ಕೊಟ್ರೆ ಅದು ಇನ್ನೂ ಅಪಾಯ. ಸೆಟ್ಟಿಂಗನ್ನ ಸ್ವಸ್ವಲ್ಪ ಮೇಲಕ್ಕೆ ತಿರುಗಿಸಬೇಕು.

ನಮ್ಮ ನರಮಂಡಲದಲ್ಲೂ ಹಿಂಗೇ ಆಗುತ್ತೆ, ಇದಕ್ಕೆ ಸೆಂಟ್ರಲ್ ಸೆನ್ಸಿಟೈಸೇಶನ್ ಅಂತಾರೆ, ಬೆನ್ನುಹುರಿ ಮತ್ತು ಮೆದುಳು ಅತಿಯಾಗಿ ಎಚ್ಚರ ಆಗಿಬಿಡೋದು. ಪೆಟ್ಟಾದ ಮೇಲೆ ಬೆನ್ನುಹುರಿಯ ನರಕೋಶಗಳೇ ಬದಲಾಗ್ತವೆ ಅಂತ ಕ್ಲಿಫರ್ಡ್ ವುಲ್ಫ್ ಅನ್ನೋ ವಿಜ್ಞಾನಿ 1983ರಲ್ಲಿ ಪ್ರಯೋಗ ಮಾಡಿ ತೋರಿಸಿದ್ರು. ಹಿಂಗಾದಾಗ ಸಣ್ಣ ನೋವು ದೊಡ್ಡದಾಗಿ ಕಾಣುತ್ತೆ, ಬೆಡ್‌ಶೀಟ್ ತಾಗಿದ್ರೆ, ಫ್ಯಾನ್ ಗಾಳಿ ಬಿದ್ರೆ, ನೋವೇ ಆಗಬಾರದ ವಿಷಯಕ್ಕೂ ನೋವಾಗುತ್ತೆ. ನಿದ್ದೆ ಕೆಟ್ರೆ, ಮನೇಲಿ ಸಾಲದ ಟೆನ್ಶನ್ ಇದ್ರೆ ಇನ್ನೂ ಜಾಸ್ತಿ, ಯಾಕಂದ್ರೆ ಇವೆಲ್ಲಾ ಅದೇ ಎಚ್ಚರದ ಮಟ್ಟನ ಏರಿಸ್ತವೆ.

ಎಲ್ಲಾರ ಹಳೇ ನೋವಿಗೂ ಇದೊಂದೇ ಕಾರಣ ಅಲ್ಲ. ಕೆಲವರಿಗೆ ನರಕ್ಕೇ ಪೆಟ್ಟಾಗಿರುತ್ತೆ, ಕೆಲವರಿಗೆ ಕೀಲು ಸವೆದಿರುತ್ತೆ, ಕೆಲವರಿಗೆ ಮೂಳೆ ಸೊಟ್ಟಗೆ ಕೂಡಿರುತ್ತೆ. ತುಂಬಾ ಜನಕ್ಕೆ ಎರಡು ಮೂರು ಸೇರ್ಕೊಂಡಿರುತ್ತೆ. ಬೆನ್ನುಹುರಿಗೇ ಪೆಟ್ಟಾದೋರಲ್ಲಿ ಮುಟ್ಟಿದ್ರೆ ಏನೂ ಗೊತ್ತಾಗದ ಕಾಲಲ್ಲೇ ಬೆಂಕಿ ಇಟ್ಟಂಗೆ ಉರಿ ಇರೋದೂ ಉಂಟು.

ಇಷ್ಟರಲ್ಲಿ ನೆನಪಿಟ್ಕೋಬೇಕಾಗಿರೋದು ಎರಡು ಮಾತು, ಎರಡೂ ಒಟ್ಟಿಗೇ ಬೇಕು. ಹಳೇ ನೋವು ಇದ್ದಾಗ ಪ್ರತಿ ಸಲ ನೋವಾದ್ರೂ ಒಳಗೆ ಏನೋ ಹೊಸದಾಗಿ ಹಾಳಾಗ್ತಿದೆ ಅಂತ ಅಲ್ಲ. ಒಳಗೆ ಏನೂ ಹಾಳಾಗಿಲ್ಲ ಅಂದ ಮಾತ್ರಕ್ಕೆ ನೋವು ಸುಳ್ಳು ಅಂತಾನೂ ಅಲ್ಲ. ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ 2020ರಲ್ಲಿ ನೋವು ಅಂದ್ರೇನು ಅನ್ನೋದನ್ನ ಹೊಸದಾಗಿ ಬರೆದಾಗ, ನೋವಿದೆ ಅಂತ ಒಬ್ರು ಹೇಳಿದ್ರೆ ಆ ಮಾತನ್ನ ಗೌರವಿಸಬೇಕು ಅಂತ ಜೊತೆಯಲ್ಲೇ ಬರೆದಿದೆ. "ಎಲ್ಲಾ ನಿನ್ನ ಮನಸಲ್ಲಿರೋದು ಕಣೋ" ಅಂತ ಹೇಳೋ ಚಿಕ್ಕಪ್ಪ ದೊಡ್ಡಪ್ಪಂದಿರು ಇದನ್ನ ಒಂದ್ಸಲ ಓದಬೇಕು.

ಎಂಆರ್‌ಐ ರಿಪೋರ್ಟಿನ ಭಯ

ಸೊಂಟ ನೋವಿಗೆ ಎಂಆರ್‌ಐ ಮಾಡಿಸಿದೋರು ರಿಪೋರ್ಟ್ ಕೈಗೆ ಬಂದ ತಕ್ಷಣ ಗೂಗಲ್ ಮಾಡ್ತಾರೆ. ಡಿಸ್ಕ್ (ಬೆನ್ನುಮೂಳೆಗಳ ಮಧ್ಯೆ ಇರೋ ಮೆತ್ತೆ) ಬಲ್ಜ್, ಡೀಜನರೇಶನ್ ಅಂತ ಓದಿ ಎದೆ ಒಡ್ಕೊಳ್ತಾರೆ. 2015ರಲ್ಲಿ ಪ್ರಕಟ ಆದ ಒಂದು ವಿಮರ್ಶೆ, ಬೆನ್ನು ನೋವೇ ಇಲ್ಲದ 3,110 ಜನರ ಸ್ಕ್ಯಾನ್‌ಗಳನ್ನ ಒಟ್ಟು ಹಾಕಿ ನೋಡಿತ್ತು. ಐವತ್ತು ವರ್ಷದೋರಲ್ಲಿ ಶೇ. 60ರಷ್ಟು ಜನಕ್ಕೆ ಡಿಸ್ಕ್ ಉಬ್ಬಿತ್ತು, ಶೇ. 80ರಷ್ಟು ಜನಕ್ಕೆ ಡಿಸ್ಕ್ ಸವೆತ ಇತ್ತು, ನೋವು ಮಾತ್ರ ಇರ್ಲಿಲ್ಲ. ಇಪ್ಪತ್ತು ವರ್ಷದ ಹುಡುಗರಲ್ಲೇ ಶೇ. 30ರಷ್ಟು ಜನಕ್ಕೆ ಉಬ್ಬು ಕಂಡಿತ್ತು. ಅಂದ್ರೆ ಫಿಲ್ಮಲ್ಲಿ ಕಾಣೋದೆಲ್ಲಾ ನೋವಿಗೆ ಕಾರಣ ಅಲ್ಲ, ಎಷ್ಟೋ ಬದಲಾವಣೆ ವಯಸ್ಸಿನ ಜೊತೆ ಬರೋ ಮಾಮೂಲಿ ವಿಷಯ. ರಿಪೋರ್ಟನ್ನ ಡಾಕ್ಟ್ರು ನಿಮ್ಮ ಮೈ ಮುಟ್ಟಿ ಪರೀಕ್ಷೆ ಮಾಡಿದ್ದರ ಜೊತೆ ಇಟ್ಟು ಓದಬೇಕು, ಅದೊಂದನ್ನೇ ಹಿಡ್ಕೊಂಡು ಕೂತ್ರೆ ಭಯ ಜಾಸ್ತಿ ಆಗುತ್ತೆ ಅಷ್ಟೇ.

ಕಾಯಬಾರದ ಲಕ್ಷಣಗಳು

"ಹಳೇ ನೋವು ತಾನೇ" ಅಂತ ಎಲ್ಲದಕ್ಕೂ ಸುಮ್ನಿರೋದೂ ತಪ್ಪು. ಮೂತ್ರ ಅಥವಾ ಮಲದ ಮೇಲೆ ಹಿಡಿತ ತಪ್ಪೋದು, ತೊಡೆ ಸಂದು ಮತ್ತು ಕೂರೋ ಜಾಗ ಜೋಮು ಹಿಡಿಯೋದು, ಕಾಲಿನ ಶಕ್ತಿ ದಿನೇ ದಿನೇ ಇಳಿಯೋದು, ಇವುಗಳಲ್ಲಿ ಒಂದು ಕಂಡ್ರೂ ಅವತ್ತೇ ಆಸ್ಪತ್ರೆಗೆ ಹೋಗಬೇಕು. ನೋವಿನ ಜೊತೆ ಜ್ವರ, ಕಾರಣ ಇಲ್ದೆ ತೂಕ ಇಳಿಯೋದು, ಆಪರೇಶನ್ ಆದ ಜಾಗದಲ್ಲಿ ಕೀವು ಇದ್ರೂ ತಡ ಮಾಡಬಾರದು.

ಇನ್ನೊಂದು, ಮಣಿಕಟ್ಟೋ ಪಾದಾನೋ ಮುರಿದು ಪ್ಲಾಸ್ಟರ್ ಬಿಚ್ಚಿದ ಮೇಲೆ ಆ ಕೈಯೋ ಕಾಲೋ ಊದಿ, ಬಣ್ಣ ಬದಲಾಗಿ, ಒಂದ್ಸಲ ಬಿಸಿ ಒಂದ್ಸಲ ತಣ್ಣಗಾಗಿ, ಬಟ್ಟೆ ತಾಗಿದ್ರೂ ಜೀವ ಹೋಗೋ ಹಂಗೆ ಉರಿ ಬಂದ್ರೆ ಅದು ಸಿಆರ್‌ಪಿಎಸ್ (ಕಾಂಪ್ಲೆಕ್ಸ್ ರೀಜನಲ್ ಪೇನ್ ಸಿಂಡ್ರೋಮ್) ಅನ್ನೋ ಸ್ಥಿತಿ ಇರಬಹುದು. ಬೇಗ ಹಿಡಿದು ಫಿಸಿಯೋಥೆರಪಿ ಶುರು ಮಾಡಿದಷ್ಟೂ ಒಳ್ಳೇದು. ಇಲ್ಲಿ ಕೈನ ಅಲ್ಲಾಡಿಸ್ದೆ ಕಟ್ಟಿ ಇಟ್ಕೊಳ್ಳೋದು ತೊಂದರೆನ ಹೆಚ್ಚಿಸುತ್ತೆ.

ಮಾತ್ರೆಗಳ ವಿಷಯ

ಡೈಕ್ಲೋಫಿನಾಕ್, ಅಸಿಕ್ಲೋಫಿನಾಕ್, ಐಬುಪ್ರೊಫೇನ್ ಥರದ ಪೇನ್ ಕಿಲ್ಲರ್‌ಗಳು ಹೊಸ ಪೆಟ್ಟಿನ ಊತಕ್ಕೆ ಚೆನ್ನಾಗಿ ಕೆಲಸ ಮಾಡ್ತವೆ. ವರ್ಷಗಟ್ಟಲೆ ಮೆಡಿಕಲ್ ಸ್ಟೋರಿಂದ ನಾವೇ ತಗೊಂಡು ನುಂಗ್ತಾ ಹೋದ್ರೆ ಹೊಟ್ಟೆಯಲ್ಲಿ ಹುಣ್ಣು, ಕಿಡ್ನಿಗೆ ಹಾನಿ ಆಗೋ ಅಪಾಯ ಇದೆ, ಶುಗರ್ ಬಿಪಿ ಇರೋರಿಗೆ ಇನ್ನೂ ಜಾಸ್ತಿ. ಹೆಸರಿಲ್ಲದ ಪೊಟ್ಟಣದಲ್ಲಿ ಪುಡಿ, ಮಾತ್ರೆ ಯಾರೇ ಕೊಟ್ರೂ ತಗೋಬೇಡಿ.

ನರದ ನೋವಿಗೆ ಬೇರೆ ಔಷಧಿ. ಪ್ರಿಗಾಬಾಲಿನ್, ಗಾಬಾಪೆಂಟಿನ್, ಅಮಿಟ್ರಿಪ್ಟಿಲಿನ್, ಡುಲೋಕ್ಸೆಟಿನ್ ಇವನ್ನ ಬರೀತಾರೆ. ಇಲ್ಲೇ ತುಂಬಾ ಜನ ಎಡವೋದು. ಅಮಿಟ್ರಿಪ್ಟಿಲಿನ್, ಡುಲೋಕ್ಸೆಟಿನ್ ಹೆಸರು ಫೋನಲ್ಲಿ ಹುಡುಕಿದ್ರೆ "ಖಿನ್ನತೆಗೆ ಕೊಡೋದು" ಅಂತ ಬರುತ್ತೆ, "ನಂಗೆ ಹುಚ್ಚು ಅಂತಾನಾ ಆ ಡಾಕ್ಟ್ರು" ಅಂತ ಸಿಟ್ಟು ಮಾಡ್ಕೊಂಡು ಸ್ಟ್ರಿಪ್ಪನ್ನ ಟಿವಿ ಹಿಂದೆ ಎಸೆದು ಬಿಡ್ತಾರೆ. ನಿಜ ಏನಂದ್ರೆ ಈ ಔಷಧಿಗಳು ನೋವಿನ ಸುದ್ದಿ ತಡೆಯೋ ಬೆನ್ನುಹುರಿಯ ದಾರಿಗಳ ಮೇಲೂ ಕೆಲಸ ಮಾಡ್ತವೆ, ಅಮಿಟ್ರಿಪ್ಟಿಲಿನ್‌ನಂತೂ ನೋವಿಗೆ ಕೊಡುವಾಗ ಖಿನ್ನತೆಗೆ ಕೊಡೋದಕ್ಕಿಂತ ಕಮ್ಮಿ ಡೋಸಲ್ಲಿ ರಾತ್ರಿ ಹೊತ್ತು ಕೊಡ್ತಾರೆ. ಪರಿಣಾಮ ಗೊತ್ತಾಗೋಕೆ ಕೆಲವು ವಾರ ಬೇಕು, ಮೊದಮೊದಲು ಮಂಪರು, ಬಾಯಿ ಒಣಗೋದು ಇರಬಹುದು. ಬೇಡ ಅನ್ಸಿದ್ರೆ ಡಾಕ್ಟರ್‌ಗೆ ಹೇಳಿ ನಿಧಾನಕ್ಕೆ ಇಳಿಸಬೇಕು, ಒಂದೇ ದಿನಕ್ಕೆ ನಿಲ್ಲಿಸಬಾರದು.

ಮಾತ್ರೆಯಿಂದ ಹಳೇ ನೋವು ಪೂರ್ತಿ ಹೋಗೋರು ಕಮ್ಮಿ. ಸ್ವಲ್ಪ ತಗ್ಗಿ, ನಿದ್ದೆ ಬಂದು, ನಡೆದಾಡೋಕೆ ಆಯ್ತು ಅಂದ್ರೆ ಮಾತ್ರೆ ತನ್ನ ಕೆಲಸ ಮಾಡ್ತು ಅಂತಾನೇ ಲೆಕ್ಕ.

ಒಳ್ಳೆ ದಿನದಲ್ಲಿ ಆಗೋ ಎಡವಟ್ಟು

ಇಡೀ ಲೇಖನದಲ್ಲಿ ದಿನಾ ಉಪಯೋಗಕ್ಕೆ ಬರೋ ಭಾಗ ಅಂದ್ರೆ ನನ್ನ ಪ್ರಕಾರ ಇದೇ, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ.

ನಮ್ಮ ಅತ್ತಿಗೆಗೆ ಸ್ಕೂಟಿಯಿಂದ ಬಿದ್ದು ಸೊಂಟಕ್ಕೆ ಪೆಟ್ಟಾಗಿತ್ತು. ಮುದ್ದೆ ತಿರುವೋದು ಅಂದ್ರೆ ಗೊತ್ತಲ್ಲ, ಪಾತ್ರೆನ ಕಾಲಲ್ಲಿ ಒತ್ತಿ ಹಿಡಿದು, ಸೊಂಟ ಬಗ್ಗಿಸಿ, ಕೋಲು ಹಿಡ್ಕೊಂಡು ಎರಡೂ ಭುಜದ ಬಲ ಹಾಕಿ ತಿರುವಬೇಕು. ನೋವು ಇದ್ದ ದಿನ ಅವರು ಏನೂ ಮಾಡ್ತಿರ್ಲಿಲ್ಲ, ಮಲಗೇ ಇರೋರು. ನೋವು ಕಮ್ಮಿ ಇದ್ದ ದಿನ, ಬಾಕಿ ಬಿದ್ದಿರೋ ಕೆಲಸ ಎಲ್ಲಾ ಇವತ್ತೇ ಮುಗಿಸಿಬಿಡೋಣ ಅಂತ ಬಟ್ಟೆ ಒಗೆದು, ಮನೆ ಒರೆಸಿ, ಆರು ಜನಕ್ಕೆ ಮುದ್ದೆ ಮಾಡಿ ಸಂಜೆ ಹೊತ್ತಿಗೆ ಗೋಡೆ ಹಿಡ್ಕೊಂಡು ನಿಲ್ಲೋರು. ಮಾರನೇ ದಿನದಿಂದ ಮತ್ತೆ ಹಾಸಿಗೆ. ಹಿಂಗೆ ಆಗ್ತಾ ಆಗ್ತಾ ಹಾಸಿಗೆಯಲ್ಲಿರೋ ದಿನ ಜಾಸ್ತಿ ಆಯ್ತು, ಸ್ನಾಯು ಬಡವಾಯ್ತು, ಮೊದಲು ಅರ್ಧ ದಿನ ಆಗ್ತಿದ್ದ ಕೆಲಸ ಒಂದು ಗಂಟೆಗೇ ಸುಸ್ತಾಗೋ ಹಂಗೆ ಆಯ್ತು.

ಇದನ್ನ ತಪ್ಪಿಸೋ ವಿಧಾನಕ್ಕೆ ಪೇಸಿಂಗ್ ಅಂತಾರೆ, ಕೆಲಸನ ಅಳತೆ ಮಾಡಿ ಮಾಡೋದು. ಅಳತೆ ಹಿಂಗೆ. ನಿಂತ್ಕೊಂಡು ಅಡುಗೆ ಮಾಡುವಾಗ ನೋವು ಏರೋಕೆ ಶುರು ಆಗೋವರೆಗೆ ಎಷ್ಟು ಹೊತ್ತು ಅಂತ ಮೂರು ದಿನ ನೋಡಿ, ಒಂದಿನ 25 ನಿಮಿಷ, ಒಂದಿನ 10, ಒಂದಿನ 13 ಬಂತು ಅನ್ಕೊಳಿ. ಸರಾಸರಿ 16. ಅದಕ್ಕಿಂತ ಸ್ವಲ್ಪ ಕೆಳಗೆ, 12 ನಿಮಿಷಕ್ಕೆ ಇಟ್ಕೊಳಿ. ಹನ್ನೆರಡು ನಿಮಿಷ ಆದ ತಕ್ಷಣ ಕೂತ್ಕೋಬೇಕು, ಆರಾಮಾಗಿದ್ರೂ ಕೂತ್ಕೋಬೇಕು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹನ್ನೆರಡು. ನೋವು ಹೇಳಿದಾಗ ನಿಲ್ಲಿಸೋದಲ್ಲ, ಗಡಿಯಾರ ಹೇಳಿದಾಗ ನಿಲ್ಲಿಸೋದು. ನೋವಿರೋ ದಿನಾನೂ ಪೂರ್ತಿ ಬಿಡದೆ ಆದಷ್ಟು ಮಾಡೋದು. ಒಂದೆರಡು ವಾರ ಸರಿ ಹೋದ್ರೆ 13, 14 ಅಂತ ಏರಿಸೋದು.

ಮೇಲೆ ಹೇಳಿದ ರಿಲೇ ಸೆಟ್ಟಿಂಗನ್ನ ಸ್ವಸ್ವಲ್ಪ ತಿರುಗಿಸೋದು ಅಂದ್ರೆ ಇದೇ. ಪ್ರತಿ ಸಲ ಅಪಾಯ ಇಲ್ದೆ ಒಂದು ಚಲನೆ ಮುಗೀತು ಅಂದ್ರೆ ನರಮಂಡಲಕ್ಕೆ "ಇದು ಪರವಾಗಿಲ್ಲ" ಅಂತ ಒಂದು ಪಾಠ. ಕುಕ್ಕರಹಳ್ಳಿ ಕೆರೆ ಹತ್ರ ಮನೆ ಇರೋರು ಪೂರ್ತಿ ಒಂದು ರೌಂಡ್ ಹೊಡೀಬೇಕು ಅಂತ ಹಠ ಹಿಡೀಬೇಕಿಲ್ಲ, ಮೊದಲ ಬೆಂಚ್‌ವರೆಗೆ ಹೋಗಿ ವಾಪಸ್ ಬಂದ್ರೂ ಅದು ವ್ಯಾಯಾಮಾನೇ, ಮುಂದಿನ ವಾರ ಎರಡನೇ ಬೆಂಚ್. ಯಾವ ವ್ಯಾಯಾಮ ಮಾಡಬೇಕು ಅನ್ನೋದನ್ನ ಫಿಸಿಯೋಥೆರಪಿಸ್ಟ್ ಹತ್ರ ಕೇಳಿ ಶುರು ಮಾಡಿ. ಮೈಸೂರಿನ ಕೆ.ಆರ್. ಆಸ್ಪತ್ರೆ, ಮಂಡ್ಯದ ಮಿಮ್ಸ್ ಥರದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ವಿಚಾರಿಸಬಹುದು.

ಅತ್ತಿಗೆ ಮನೇಲಿ ಈಗ ಮುದ್ದೆ ತಿರುವೋದು ಅಣ್ಣ. ಅತ್ತಿಗೆ ಪಕ್ಕದಲ್ಲಿ ಸ್ಟೂಲ್ ಮೇಲೆ ಕೂತು ಉಂಡೆ ಕಟ್ತಾರೆ. ಅಳತೆ ಮಾಡೋದು ಅಂದ್ರೆ ಕೆಲಸ ಹಂಚ್ಕೊಳ್ಳೋದೂ ಹೌದು, ಅದು ಮನೆಯೋರು ಒಪ್ಪಿದ್ರೆ ಮಾತ್ರ ಆಗೋದು.

"ಪಾಸಿಟಿವ್ ಆಗಿರು" ಅಂದ್ರೆ ಏನು?

ನೋಡೋಕೆ ಬಂದೋರೆಲ್ಲಾ ಹೇಳೋ ಮಾತಿದು, "ಧೈರ್ಯವಾಗಿರಪ್ಪ, ಪಾಸಿಟಿವ್ ಆಗಿ ಯೋಚ್ನೆ ಮಾಡು". ನೋವು ತಿನ್ನೋರಿಗೆ ಇದು ಎಷ್ಟು ಸಲ ಚುಚ್ಚುತ್ತೆ ಅಂದ್ರೆ, ನಗ್ತಾ ಇಲ್ದಿರೋದೇ ತನ್ನ ತಪ್ಪು ಅನ್ನೋ ಹಂಗೆ ಆಗಿಬಿಡುತ್ತೆ. ನೋವಿನ ಮನಃಶಾಸ್ತ್ರದಲ್ಲಿ ಪಾಸಿಟಿವ್ ಅನ್ನೋದಕ್ಕೆ ಇದಕ್ಕಿಂತ ಗಟ್ಟಿ ಅರ್ಥ ಇದೆ.

ಮೊದಲು ಭಯದ ಸುತ್ತು ಹೇಗೆ ಅಂತ ನೋಡಿ. ಬಗ್ಗಿದ್ರೆ ನೋವು, "ಬಗ್ಗಿದ್ರೆ ಡಿಸ್ಕ್ ಹೋಗುತ್ತೆ" ಅನ್ನೋ ಭಯ, ಅದಕ್ಕೆ ಬಗ್ಗೋದೇ ಬಿಡೋದು, ಬಿಟ್ರೆ ಬೆನ್ನು ಬಿಗಿಯಾಗಿ ಇನ್ನೂ ಬೇಗ ನೋವು, ಅದನ್ನ ನೋಡಿ ಇನ್ನೂ ಭಯ. ಕೆಲಸ ಬಿಟ್ಟು, ಫ್ರೆಂಡ್ಸ್ ಬಿಟ್ಟು, ಮದುವೆ ಮನೆಗೆ ಹೋಗೋದು ಬಿಟ್ಟು, ಮನುಷ್ಯ ಒಂದು ರೂಮಿಗೆ ಸೀಮಿತ ಆಗ್ತಾನೆ. ಮುರಿದ ಕಾಲಿಗಿಂತ ಈ ಸುತ್ತೇ ಜೀವನನ ಜಾಸ್ತಿ ಕಿತ್ಕೊಳ್ಳುತ್ತೆ.

ಇದನ್ನ ಮುರಿಯೋಕೆ ಸಿಬಿಟಿ (ಯೋಚನೆ, ನಡವಳಿಕೆನ ಬದಲಾಯಿಸೋದು), ಎಸಿಟಿ (ಒಪ್ಪಿಕೊಂಡು ಮುಂದೆ ಹೆಜ್ಜೆ ಇಡೋದು) ಅನ್ನೋ ಮಾತಿನ ಚಿಕಿತ್ಸೆಗಳಿವೆ. ಎರಡನೇದರಲ್ಲಿ ಒಪ್ಪಿಕೊಳ್ಳೋದು ಅನ್ನೋ ಮಾತು ಬರುತ್ತೆ, ಕೈ ಚೆಲ್ಲಿ ಕೂರೋದು ಅಂತ ಅಲ್ಲ ಅದು. "ನೋವು ಪೂರ್ತಿ ಹೋದ ಮೇಲೆ ಬದುಕು ಶುರು ಮಾಡ್ತೀನಿ" ಅನ್ನೋದನ್ನ ಬಿಟ್ಟು, ನೋವು ಇರುವಾಗಲೇ ನನಗೆ ಯಾವುದು ಮುಖ್ಯ ಅಂತ ಕೇಳ್ಕೊಂಡು ಅದರ ಕಡೆ ಒಂದು ಸಣ್ಣ ಹೆಜ್ಜೆ ಇಡೋದು. ಮಗಳ ಸ್ಕೂಲ್ ಡೇಗೆ ಹೋಗಬೇಕು, ಮೂರು ಗಂಟೆ ಕೂರೋಕಾಗಲ್ಲ, ಆದ್ರೆ ಅವಳ ಡ್ಯಾನ್ಸ್ ಟೈಮಿಗೆ ಹೋಗಿ ಹಿಂದಿನ ಸಾಲಲ್ಲಿ ನಿಂತು ಕೂತು ನೋಡ್ಕೊಂಡು ಬರಬಹುದು. ಅಂಗಡಿ ಇಡೀ ದಿನ ನಡೆಸೋಕಾಗಲ್ಲ, ಬೆಳಗ್ಗೆ ಎರಡು ಗಂಟೆ ಗಲ್ಲಾದಲ್ಲಿ ಕೂರಬಹುದು.

ಪೆಟ್ಟಿಗೆ ಮುಂಚಿನ ಮೈಗಾಗಿ, ಹೋದ ಕೆಲಸಕ್ಕಾಗಿ ಅಳು ಬರೋದು ಸಹಜ, ಅದಕ್ಕೂ ಜಾಗ ಕೊಡಿ. ಅದು ವಾರಗಟ್ಟಲೆ ಬಿಡದೆ, ನಿದ್ದೆ ಊಟ ಬಿಟ್ಟು, ಬದುಕೇ ಬೇಡ ಅನ್ನೋ ಯೋಚನೆ ಬಂದ್ರೆ ಮಾತ್ರ ಒಬ್ರೇ ಇಟ್ಕೋಬೇಡಿ. ಟೆಲಿ ಮಾನಸ್ ಅನ್ನೋ ಸರ್ಕಾರದ ಉಚಿತ ಸಹಾಯವಾಣಿ 2022ರ ಅಕ್ಟೋಬರ್‌ನಿಂದ ಇದೆ, ನಂಬರ್ 14416, ದಿನದ ಯಾವ ಹೊತ್ತಲ್ಲಾದ್ರೂ ಕನ್ನಡದಲ್ಲೇ ಮಾತಾಡಬಹುದು.

ಊರುಗೋಲು ಯಾವ ಕೈಲಿ?

ತೆಂಗಿನ ಮರದಿಂದ ಬಿದ್ದ ನಮ್ಮ ಊರಿನ ದೊಡ್ಡಪ್ಪ ಒಬ್ರು ಬಲಗಾಲು ನೋವಿಗೆ ಊರುಗೋಲನ್ನ ಬಲಗೈಲೇ ಹಿಡ್ಕೊಂಡು ವರ್ಷಗಟ್ಟಲೆ ಓಡಾಡಿದ್ರು, ಆ ಕಡೆಗೇ ವಾಲ್ಕೊಂಡು. ಆಸರೆ ನೋವಿರೋ ಕಡೆಗೇ ಬೇಕು ಅನ್ಸೋದು ಸಹಜ. ಆದ್ರೆ ಕೋಲು ಇರಬೇಕಾದ್ದು ನೋವಿಲ್ಲದ ಕಡೆಯ ಕೈಲಿ. ನಾವು ನಡೆಯುವಾಗ ಬಲಗಾಲು ಮುಂದೆ ಹೋದಾಗ ಎಡಗೈ ಮುಂದೆ ಹೋಗುತ್ತೆ, ಎಡಗೈಲಿ ಕೋಲಿದ್ರೆ ಬಲಗಾಲು ನೆಲಕ್ಕೆ ಊರಿದಾಗ ಕೋಲೂ ಊರುತ್ತೆ, ಭಾರ ಹಂಚಿ ಹೋಗುತ್ತೆ, ಸೊಂಟದ ಕೀಲಿನ ಮೇಲೆ ಒತ್ತಡ ಕಮ್ಮಿ. ಎತ್ತರ ಎಷ್ಟಿರಬೇಕು ಅಂದ್ರೆ, ಚಪ್ಪಲಿ ಹಾಕ್ಕೊಂಡು ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಮಣಿಕಟ್ಟಿನ ಗೆರೆ ಎಲ್ಲಿ ಬರುತ್ತೋ ಅಲ್ಲಿಗೆ ಹಿಡಿ ಬರಬೇಕು. ಕೆಳಗಿನ ರಬ್ಬರ್ ಬುಶ್ ಸವೆದ್ರೆ ಬದಲಾಯಿಸಿ, ಒದ್ದೆ ನೆಲದಲ್ಲಿ ಜಾರೋದು ಅದೇ.

ಕೋಲು, ವಾಕರ್, ವೀಲ್‌ಚೇರ್ ಹಿಡಿದ್ರೆ ಸೋತಂಗೆ ಅಂತ ಮನೇಲಿ ಕೂತಿರೋರು ತುಂಬಾ ಜನ. ವೀಲ್‌ಚೇರಲ್ಲಿ ದೇವರಾಜ ಮಾರ್ಕೆಟ್ಟಿಗೆ ಹೋಗಿ ಹೂವು ತರೋ ಮನುಷ್ಯ, ಕೋಲು ಬೇಡ ಅಂತ ಮನೇಲಿ ಕೂತಿರೋನಿಗಿಂತ ಜಾಸ್ತಿ ಓಡಾಡ್ತಿದಾನೆ. ಮನೇಲಿ ಕುಕ್ಕರುಗಾಲಲ್ಲಿ ಕೂರೋ ಟಾಯ್ಲೆಟ್ ಇದ್ರೆ ಅದರ ಮೇಲೆ ಇಡೋ ಕಮೋಡ್ ಕುರ್ಚಿ, ಗೋಡೆಗೆ ಹಿಡ್ಕೊಳ್ಳೋಕೆ ಒಂದು ಸ್ಟೀಲ್ ರಾಡ್, ಸ್ನಾನಕ್ಕೆ ಪ್ಲಾಸ್ಟಿಕ್ ಸ್ಟೂಲ್, ನೆಲದಲ್ಲಿ ಕೂತು ಊಟ ಮಾಡೋರಿಗೆ ಒಂದು ಟೇಬಲ್, ಇಷ್ಟರಲ್ಲೇ ದಿನ ಬದಲಾಗುತ್ತೆ. ಸೊಂಟದ ಕೆಳಗೆ ಸ್ಪರ್ಶಾನೇ ಇಲ್ಲದೋರು ಹಾಸಿಗೆಯಲ್ಲಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಬೇಕು, ಇಲ್ಲಾಂದ್ರೆ ಗೊತ್ತಾಗದೇ ಹುಣ್ಣಾಗುತ್ತೆ.

ಶೇಕಡಾ ಲೆಕ್ಕ ಮತ್ತು ಕಾನೂನು

ವಿಕಲಚೇತನರ ಹಕ್ಕುಗಳ ಕಾಯ್ದೆ 2016ರದ್ದು, ಜಾರಿಗೆ ಬಂದಿದ್ದು 2017ರ ಏಪ್ರಿಲಲ್ಲಿ. ಹಳೇ 1995ರ ಕಾಯ್ದೆಯಲ್ಲಿ ಏಳು ಬಗೆ ಇತ್ತು, ಈಗ 21 ಬಗೆ. ದೀರ್ಘಕಾಲದ ನೋವು ಅನ್ನೋದಕ್ಕೆ ಆ ಪಟ್ಟಿಯಲ್ಲಿ ಬೇರೆ ವರ್ಗ ಇಲ್ಲ. ಪೆಟ್ಟಿಂದ ಕೈಕಾಲಿನ ಚಲನೆ, ಸ್ನಾಯುವಿನ ಬಲ ಕಮ್ಮಿ ಆಗಿದ್ರೆ, ಕಾಲು ಗಿಡ್ಡ ಆಗಿದ್ರೆ, ಅಂಗ ಹೋಗಿದ್ರೆ ಚಲನ ವೈಕಲ್ಯ ಅಂತ ಅಳೀತಾರೆ. ಶೇ. 40 ಅಥವಾ ಅದಕ್ಕಿಂತ ಜಾಸ್ತಿ ಇದ್ರೆ ಹೆಚ್ಚಿನ ಸೌಲಭ್ಯಗಳು ಸಿಗ್ತವೆ, ಸರ್ಕಾರಿ ಕೆಲಸದಲ್ಲಿ ಶೇ. 4, ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣದಲ್ಲಿ ಶೇ. 5 ಮೀಸಲಾತಿ ಈ ಕಾಯ್ದೆಯದ್ದೇ. ಹಳೇ ತೆರಿಗೆ ಪದ್ಧತಿಯಲ್ಲಿರೋರಿಗೆ 75,000 ರೂಪಾಯಿ, ಶೇ. 80 ಅಥವಾ ಅದಕ್ಕಿಂತ ಜಾಸ್ತಿ ಇದ್ರೆ 1,25,000 ರೂಪಾಯಿ ಆದಾಯದಲ್ಲಿ ಕಳೀಬಹುದು.

ಇಂಥ ಸೌಲಭ್ಯಗಳಿಗೆ ಬೇಕಾಗೋದು ಯುಡಿಐಡಿ ಕಾರ್ಡ್, ಅಂದ್ರೆ ವಿಕಲಚೇತನರ ಗುರುತಿನ ಚೀಟಿ. ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ಹೇಳಿದ ಆಸ್ಪತ್ರೆಗೆ ಹೋಗಿ ಪರೀಕ್ಷೆ ಮಾಡಿಸ್ಕೋಬೇಕು. ಹಳ್ಳಿಯಲ್ಲಿರೋರು ಗ್ರಾಮ ಪಂಚಾಯ್ತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಯಾರು ಅಂತ ಕೇಳಿ, ಅರ್ಜಿ, ಪಿಂಚಣಿ, ಬಸ್ ಪಾಸ್ ವಿಷಯದಲ್ಲಿ ಸಹಾಯ ಮಾಡೋಕೇ ಅವರಿರೋದು.

ಆಕ್ಸಿಡೆಂಟ್ ಕೇಸಲ್ಲಿ ಪರಿಹಾರದ ಲೆಕ್ಕ ಬೇರೆ. 2010ರಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪಲ್ಲಿ ಇದನ್ನ ಬಿಡಿಸಿ ಹೇಳಿದೆ. ಎಡಗೈ ಕಳ್ಕೊಂಡೋರ ವೈಕಲ್ಯ ಸುಮಾರು ಶೇ. 60 ಅಂತ ಬರಬಹುದು, ಆದ್ರೆ ಅವರು ಡ್ರೈವರ್ರೋ ಬಡಗಿಯೋ ಆಗಿದ್ರೆ ದುಡಿಯೋ ಶಕ್ತಿ ಹೆಚ್ಚುಕಮ್ಮಿ ನೂರಕ್ಕೆ ನೂರು ಹೋದಂಗೆ, ಸರ್ಕಾರಿ ಕ್ಲರ್ಕ್ ಆಗಿದ್ರೆ ಕೆಲಸ ಉಳಿಯಬಹುದು ಅಂತ. ಅದಕ್ಕೇ ಡಾಕ್ಟರ್ ಬರೆದ ಶೇಕಡಾ ಒಂದೇ ಅಲ್ಲ, ನೀವು ಯಾವ ಕೆಲಸ ಮಾಡ್ತಿದ್ರಿ, ಈಗ ಅದರಲ್ಲಿ ಏನು ಆಗಲ್ಲ ಅನ್ನೋದನ್ನ ವಕೀಲರಿಗೆ ಸ್ಪಷ್ಟವಾಗಿ ಹೇಳಿ. 2022ರ ಏಪ್ರಿಲ್ 1ರಿಂದ ಪರಿಹಾರದ ಅರ್ಜಿಗೆ ಆರು ತಿಂಗಳ ಗಡುವಿನ ನಿಯಮ ಬಂದಿದೆ, ಆದಷ್ಟು ಬೇಗ ವಕೀಲರನ್ನ ಕೇಳೋದು ಒಳ್ಳೇದು.

ಡಾಕ್ಟರ್ ಹತ್ರ ಏನು ಹೇಳಬೇಕು

"ತುಂಬಾ ನೋವು ಸಾರ್" ಅಂದ್ರೆ ಅವರಿಗೆ ಹಿಡಿಯೋಕೆ ಏನೂ ಸಿಗಲ್ಲ. ಉರಿಯಾ, ಕರೆಂಟ್ ಹೊಡ್ದಂಗಾ, ಜೋಮಾ, ಪಿನ್ ಚುಚ್ಚಿದಂಗಾ ಅಂತ ಹೇಳಿದ್ರೆ ನರದ ನೋವಿನ ಸುಳಿವು ಸಿಗುತ್ತೆ. ನಡೆದ್ರೆ ಕೀಲಲ್ಲಿ ಹಿಡ್ಕೊಳ್ಳುತ್ತೆ, ಕೂತ್ರೆ ಸರಿ ಹೋಗುತ್ತೆ ಅಂದ್ರೆ ಅದು ಬೇರೆ ಲೆಕ್ಕ. ಯಾವ ಹೊತ್ತಲ್ಲಿ ಜಾಸ್ತಿ, ರಾತ್ರಿ ಎಷ್ಟು ಸಲ ಎಚ್ಚರ ಆಗುತ್ತೆ, ಈಗ ಯಾವ ಮಾತ್ರೆ ತಗೊಳ್ತಿದೀರ, ಅಂಗಡಿಯಿಂದ ತಂದಿದ್ದೂ ಸೇರಿ, ಇಷ್ಟನ್ನ ಒಂದು ಚೀಟಿಯಲ್ಲಿ ಬರ್ಕೊಂಡು ಹೋಗಿ. ಕೊನೆಗೆ ನಿಮಗೆ ಬೇಕಾಗಿರೋದು ಏನು ಅಂತಾನೂ ಬರೀರಿ, "ನೋವು ಹೋಗಬೇಕು" ಅನ್ನೋದರ ಕೆಳಗೆ, ಎರಡು ಮಹಡಿ ಮೆಟ್ಟಿಲು ಹತ್ತಬೇಕು, ಬಸ್ಸಲ್ಲಿ ಮದ್ದೂರಿಗೆ ಕೆಲಸಕ್ಕೆ ಹೋಗಬೇಕು, ಮೊಮ್ಮಗೂನ ಎತ್ಕೋಬೇಕು ಅಂತ. ಚಿಕಿತ್ಸೆ ಯಾವ ಕಡೆ ಹೋಗಬೇಕು ಅನ್ನೋದನ್ನ ಡಾಕ್ಟ್ರು, ಫಿಸಿಯೋಥೆರಪಿಸ್ಟು ಆ ಸಾಲುಗಳನ್ನ ನೋಡಿ ಯೋಚನೆ ಮಾಡಬಹುದು.